ಗುಣ, ಕೈಗುಣ, ಗುಣಮಟ್ಟ: ಖಾನಾಪುರ ರಸ್ತೆಯಿಂದ ಸರ್ಕಾರಿ ಆರೋಗ್ಯ ಸೇವೆಯ ಸಮೀಕ್ಷೆ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಉದ್ಯಮಬಾಗ, ಪೀರನವಾಡಿ ದಾಟಿ ಮಚ್ಛೆ ಸಿಗುತ್ತದೆ. ಫೌಂಡ್ರಿಗಳು, ಬಿಡಿಭಾಗ ತಯಾರಿಸುವ ಕಾರ್ಖಾನೆಗಳು, ಅವುಗಳ ಪಕ್ಕದಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ. ಪಾಳಿ ಬಿಡುವ ಹೊತ್ತಿನ ಗದ್ದಲದಲ್ಲಿ ಆಗಾಗ ಒಂದು 108 ಆಂಬುಲೆನ್ಸ್ ದಾರಿ ಕೇಳುತ್ತ ಬೆಳಗಾವಿಯತ್ತ ಓಡುತ್ತದೆ. ಸೈಕಲ್ಲು, ಬೈಕುಗಳು ಬದಿಗೆ ಸರಿಯುತ್ತವೆ. 'ಖಾನಾಪುರದಾಗ ಆಗೂದಿಲ್ಲಂತ ಮುಂದಕ್ಕ ಕಳಿಸ್ಯಾರ' ಎಂದು ಯಾರೋ ಹೇಳುತ್ತಾರೆ. ವಾಹನದೊಳಗೆ ಯಾರಿದ್ದಾರೆಂದು ನೋಡದೆಯೂ ಹೇಳಬಹುದಾದ ಮಾತು ಅದು.

ಈ ರಸ್ತೆಯ ಇನ್ನೊಂದು ತುದಿ ಕಾಡಿನಲ್ಲಿದೆ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡ. ಮಳೆಗಾಲದಲ್ಲಿ ಅಲ್ಲಿನ ಕೆಲವು ಊರುಗಳಿಗೆ ವಾಹನ ಹೋಗುವುದಿಲ್ಲ. 2024ರ ಮಳೆಯಲ್ಲಿ ಅಂಥ ಒಂದು ಊರಿನ ಜನ ಕಾಯಿಲೆ ಬಿದ್ದ ಹೆಣ್ಣುಮಗಳನ್ನು ಬಿದಿರಿನ ಡೋಲಿ ಕಟ್ಟಿ, ಕೆಸರು ತುಳಿದು ಹೊತ್ತು ತಂದ ಚಿತ್ರವನ್ನು ರಾಜ್ಯವೆಲ್ಲ ನೋಡಿತು. ಆಕೆ ಬೆಳಗಾವಿಯ ಆಸ್ಪತ್ರೆ ತಲುಪಿಯೂ ಉಳಿಯಲಿಲ್ಲ.

ಇಂಥ ಸಾವಿನಲ್ಲಿ ಕೈಕೊಟ್ಟದ್ದು ಯಾವುದು? ರಸ್ತೆ ಎನ್ನುವವರಿದ್ದಾರೆ, ವೈದ್ಯರ ಕೊರತೆ ಎನ್ನುವವರಿದ್ದಾರೆ. ದುಡ್ಡು, ಉಸ್ತುವಾರಿ, ಕಾನೂನು ಎಂದು ಒಬ್ಬೊಬ್ಬರು ಒಂದೊಂದನ್ನು ತೋರಿಸುತ್ತಾರೆ. ಸರ್ಕಾರಿ ಆರೋಗ್ಯ ಸೇವೆಯ ಗುಣಮಟ್ಟವನ್ನು ಹೇಗೆ ಸುಧಾರಿಸಬೇಕು ಎಂಬ ವಾದದ ಪಂಥಗಳು ಹುಟ್ಟಿರುವುದೂ ಹೆಚ್ಚುಕಡಿಮೆ ಈ ಉತ್ತರಗಳಿಂದಲೇ. ಅಚ್ಚರಿಯೆಂದರೆ ಈ ವಾದಗಳಿಗೆ ಜಗತ್ತು ನಂಬುವ ಸಾಕ್ಷ್ಯ ಒದಗಿಸಿದ ಪ್ರಯೋಗಗಳಲ್ಲಿ ಹಲವು ನಡೆದದ್ದು ಬೆಳಗಾವಿಯಲ್ಲಿ, ಅದರ ನೆರೆಯ ಜಿಲ್ಲೆಗಳಲ್ಲಿ.

ಒಂದೇ ಮಾತು, ಮೂರು ಅರ್ಥ

ಕನ್ನಡದ 'ಗುಣ' ಎಂಬ ಮಾತು ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಜ್ವರ ಇಳಿದರೆ 'ಗುಣವಾಯಿತು' ಎನ್ನುತ್ತೇವೆ. ಅದೇ ಮಾತ್ರೆಯನ್ನು ಬೇರೆಯವರು ಕೊಟ್ಟಾಗ ಇಳಿಯದ ಜ್ವರ ಇವರು ಕೊಟ್ಟಾಗ ಇಳಿದರೆ 'ಅವರ ಕೈಗುಣ ಚೊಲೋ ಐತಿ' ಎನ್ನುತ್ತೇವೆ. ಆಮೇಲೆ ಸರ್ಕಾರಿ ಕಡತ ಬಂದು ಎರಡನ್ನೂ ಬಿಟ್ಟು 'ಗುಣಮಟ್ಟ' ಎಂದಿತು. 1966ರಲ್ಲಿ ಅವೆಡಿಸ್ ಡೊನಬೀಡಿಯನ್ ಎಂಬ ವೈದ್ಯ ಆರೋಗ್ಯ ಸೇವೆಯನ್ನು ಮೂರು ಕಡೆ ನಿಂತು ನೋಡಬೇಕೆಂದ. ಕಟ್ಟಡ, ಸಿಬ್ಬಂದಿ, ಸಲಕರಣೆ ಸೇರಿದ ವ್ಯವಸ್ಥೆ ಒಂದು, ರೋಗಿಯ ಮುಂದೆ ನಡೆಯುವ ಕೆಲಸ ಇನ್ನೊಂದು, ಕೊನೆಗೆ ರೋಗಿಗೆ ಆದ ಫಲ ಮೂರನೆಯದು. ನಮ್ಮ ಗುಣಮಟ್ಟ, ಕೈಗುಣ, ಗುಣ ಮೂರೂ ಸುಮಾರಾಗಿ ಅವೇ. ಇಲಾಖೆ ಅಳೆಯುವುದು ಬಹುಮಟ್ಟಿಗೆ ಮೊದಲನೆಯದನ್ನು, ಜನ ಆಡಿಕೊಳ್ಳುವುದು ಎರಡನೆಯದನ್ನು, ಮನೆಯವರಿಗೆ ಬೇಕಾದದ್ದು ಮೂರನೆಯದು.

ಗುಣಮಟ್ಟ ಎಂದರೆ ಶ್ರೀಮಂತ ದೇಶಗಳ ಚಿಂತೆ, ನಮ್ಮಂಥವರಿಗೆ ಮೊದಲು ಆಸ್ಪತ್ರೆ ಸಿಗಲಿ ಎಂಬ ವಾದವೂ ಬಹಳ ಕಾಲ ನಡೆಯಿತು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2018ರಲ್ಲಿ. ಲ್ಯಾನ್ಸೆಟ್ ಪತ್ರಿಕಾ ಬಳಗದ ಆಯೋಗವೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳ ತಪ್ಪಿಸಬಹುದಾದ ಸಾವುಗಳನ್ನು ಲೆಕ್ಕ ಹಾಕಿತು. ಆರೈಕೆಯೇ ಸಿಗದೆ ವರ್ಷಕ್ಕೆ ಸತ್ತವರು ಸುಮಾರು 36 ಲಕ್ಷ. ಆಸ್ಪತ್ರೆ ತಲುಪಿಯೂ ಕೆಟ್ಟ ಆರೈಕೆಯಿಂದ ಸತ್ತವರು ಸುಮಾರು 50 ಲಕ್ಷ. ಭಾರತದ ಪಾಲು ಇದರಲ್ಲಿ ಸುಮಾರು 16 ಲಕ್ಷ. ಬಾಗಿಲಾಚೆ ಸತ್ತವರಿಗಿಂತ ಬಾಗಿಲೊಳಗೆ ಸತ್ತವರು ಹೆಚ್ಚು.

ಭೋರ್ ವರದಿಯಿಂದ ಇಲ್ಲಿಯವರೆಗೆ

ಬೆಳಗಾವಿ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಜಿಲ್ಲಾ ಆಸ್ಪತ್ರೆಯನ್ನು ಹಳಬರು ಇಂದಿಗೂ 'ಸಿವಿಲ್ ದವಾಖಾನಿ' ಎನ್ನುವುದು ಆ ಕಾಲದ ಗುರುತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಮೈದಾನದ ಹೆಸರಿನಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ನೆನಪಿದೆ. ದೊಡ್ಡ ಕಾಯಿಲೆಗೆ ಜನ ಮೀರಜಿನ ಮಿಷನ್ ಆಸ್ಪತ್ರೆಗೆ ರೈಲು ಹತ್ತುತ್ತಿದ್ದರು. ಅತ್ತ ಮೈಸೂರು ಸಂಸ್ಥಾನ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ಮಂಡ್ಯ, ಕ್ಲೋಸ್‌ಪೇಟೆಗಳಲ್ಲಿ ಗ್ರಾಮೀಣ ಆರೋಗ್ಯ ಘಟಕಗಳನ್ನು ನಡೆಸಿ ನೋಡಿತ್ತು.

1946ರ ಭೋರ್ ಸಮಿತಿ ವರದಿ ದೇಶಕ್ಕೆಲ್ಲ ಒಂದು ನಕ್ಷೆ ಕೊಟ್ಟಿತು. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬೀಜ ಅದರಲ್ಲಿದೆ. ಬಯಲಿನಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಕೇಂದ್ರ ಎಂಬ ಲೆಕ್ಕ ಆಮೇಲೆ ಬಂತು. ಈ ಲೆಕ್ಕದಲ್ಲಿ ತಲೆಗಳಿವೆ, ದೂರವಿಲ್ಲ. ಖಾನಾಪುರದಂಥ ತಾಲ್ಲೂಕಿನಲ್ಲಿ ತಲೆ ಕಡಿಮೆ, ದೂರ ಹೆಚ್ಚು. ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಬಳಿಕವೂ ಆ ಎರಡನ್ನು ಹೊಂದಿಸುವ ಸೂತ್ರ ಸಿಕ್ಕಿಲ್ಲ.

ಕರ್ನಾಟಕದ ಮಟ್ಟಿಗೆ ತಿರುವು ಎನ್ನಬಹುದಾದದ್ದು ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ. 1999ರ ಕೊನೆಗೆ ರಚನೆಯಾದ ಅದು 2001ರಲ್ಲಿ ಕೊಟ್ಟ ವರದಿ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಮೂರನ್ನೂ ಒಟ್ಟಿಗೆ ಇಟ್ಟಿತು. ಆರೋಗ್ಯ ಇಲಾಖೆಯ ಲಂಚವನ್ನು ಗುಣಮಟ್ಟದ ಸಮಸ್ಯೆಯೆಂದೇ ಎಣಿಸಿದ್ದು ಆಗಿನ ಕಾಲಕ್ಕೆ ದಿಟ್ಟ ಮಾತು. ಹೆರಿಗೆ ವಾರ್ಡಿನಲ್ಲಿ ಮಗು ತೋರಿಸಲು ಕೈಚಾಚುವವರನ್ನು ಕಂಡ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಜನನಿ ಸುರಕ್ಷಾ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಸೇವೆ ಶುರುವಾಯಿತು. 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು, 2019-21ರ ಹೊತ್ತಿಗೆ 97. ಇಷ್ಟು ವೇಗದ ಬದಲಾವಣೆ ನಮ್ಮ ಸಾರ್ವಜನಿಕ ಬದುಕಿನಲ್ಲಿ ಅಪರೂಪ. ಆದರೂ 2018-20ರ ಅಂದಾಜಿನಲ್ಲಿ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ತಾಯಂದಿರೆಲ್ಲ ಆಸ್ಪತ್ರೆಗೆ ಬಂದ ಮೇಲೂ ಸಾವು ಯಾಕೆ ಉಳಿಯಿತು ಎಂಬಲ್ಲಿಂದ ಪಂಥಗಳು ಕವಲೊಡೆಯುತ್ತವೆ.

ಮೊದಲು ಮಾನದಂಡ ಎನ್ನುವವರು

ಮೊದಲ ಪಂಥದ ವಾದ ನೇರವಾದದ್ದು. ಆಸ್ಪತ್ರೆಯಲ್ಲಿ ಏನಿರಬೇಕು ಎಂಬುದನ್ನು ಬರೆದಿಡಿ, ಇದೆಯೇ ನೋಡಿ, ಅಂಕ ಕೊಡಿ. 2007ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು, 2013ರ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು, ಸ್ವಚ್ಛತೆಗೆ 2015ರ 'ಕಾಯಕಲ್ಪ', ಹೆರಿಗೆ ಕೋಣೆಗೆ 2017ರ 'ಲಕ್ಷ್ಯ' ಎಲ್ಲವೂ ಈ ಮರದ ಕೊಂಬೆಗಳು. ಖಾಸಗಿಯವರಿಗೆ 2005ರಿಂದ ಎನ್‌ಎಬಿಎಚ್ ಮಾನ್ಯತೆ ಇದೆ.

ಇದನ್ನು ಹಗುರವಾಗಿ ಕಾಣಬಾರದು. ಕಾಯಕಲ್ಪ ಬಂದ ಮೇಲೆ ಎಷ್ಟೋ ಪ್ರಾಥಮಿಕ ಕೇಂದ್ರಗಳ ಶೌಚಾಲಯಕ್ಕೆ ನೀರು ಬಂತು, ಸೂಜಿ ಎಸೆಯಲು ಬಣ್ಣದ ಡಬ್ಬಿ ಬಂತು, ಹಿತ್ತಲಲ್ಲಿ ತೋಟ ಬಂತು. ಹೆರಿಗೆ ಕೋಣೆಗೆ ಪರದೆ ಬಂದದ್ದೂ ಒಂದು ಗುಣವೇ. ರಾಷ್ಟ್ರೀಯ ಮಾನದಂಡಗಳಲ್ಲಿ ಎಂಟು ವಿಭಾಗಗಳಿವೆ. ಫಲಿತಾಂಶ ಅವುಗಳಲ್ಲಿ ಒಂದು, ಎಪ್ಪತ್ತು ಅಂಕ ಬಂದರೆ ತೇರ್ಗಡೆ. ಸಲಕರಣೆ, ಕಡತ, ಸಮಿತಿ ಸಭೆಯ ನಡಾವಳಿ ಚೆನ್ನಾಗಿಟ್ಟವರು ಪ್ರಮಾಣಪತ್ರದ ಹತ್ತಿರ ಬರುತ್ತಾರೆ. ತಪಾಸಣೆಯ ವಾರ ಗೋಡೆಗೆ ಹೊಸ ಸುಣ್ಣ ಕಂಡರೆ ಊರವರಿಗೂ ಗೊತ್ತಾಗುತ್ತದೆ, 'ಮ್ಯಾಲಿನವರು ಬರಾಕತ್ಯಾರ' ಎಂದು.

ನನಗೆ ಕಾಣುವ ದೊಡ್ಡ ತೊಡಕು ಬೇರೆ. ಅಂಕ ಬೀಳುವುದು ಒಂದೊಂದು ಕಟ್ಟಡಕ್ಕೆ. ರೋಗಿಯನ್ನು ಮುಂದಕ್ಕೆ ಕಳಿಸುವ ಬಗ್ಗೆಯೂ ಒಂದು ಮಾನದಂಡ ಇದೆ, ಆದರೆ ಅದು ಕಳಿಸುವ ಆಸ್ಪತ್ರೆಯ ವಿಧಾನ, ದಾಖಲೆಗಳನ್ನು ನೋಡುತ್ತದೆ. ಖಾನಾಪುರಕ್ಕೂ ಅಂಕ ಬರಬಹುದು, ಬೆಳಗಾವಿಗೂ ಬರಬಹುದು. ನಡುವಿನ ಮಚ್ಛೆಯ ಟ್ರಾಫಿಕ್ಕಿನಲ್ಲಿ ರಕ್ತ ಸೋರುತ್ತಿರುವ ಬಾಣಂತಿಗೆ ಅಂಕ ಕೊಡುವವರಿಲ್ಲ.

ಗಂಗಾವತಿಯ ಕಾಗದದ ಹಾಳೆ

ಎರಡನೆಯ ಪಂಥದವರಿಗೆ ಮುಖ್ಯವಾದದ್ದು ಹಾಸಿಗೆಯ ಪಕ್ಕದಲ್ಲಿ ನಡೆಯುವ ಕೆಲಸ. ವೈದ್ಯರಿಗೆ, ನರ್ಸುಗಳಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಆದರೆ ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಕಂದಕವಿದೆ ಎಂಬುದು ಇವರ ಮೂಲ ಮಾತು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ್ದು. ಅಲ್ಲಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತವರ ಜೊತೆಗಾರರು ಅಮೆರಿಕದ ಸಂಶೋಧಕರೊಂದಿಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೆರಿಗೆಯಾದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ಕೊಟ್ಟವರು ತಜ್ಞ ವೈದ್ಯರಲ್ಲ, ಕಿರಿಯ ಆರೋಗ್ಯ ಸಹಾಯಕಿಯರು, ಜನ 'ಸಿಸ್ಟರ್' ಎಂದು ಕರೆಯುವವರು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆಯಾದ 1,620 ತಾಯಂದಿರ ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಉಪಯೋಗಕ್ಕೆಂದು ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಿಜ್ ಬೇಡ, ಸೂಜಿ ಬೇಡ. ಕಾಡಂಚಿನ ಊರಿಗೆ ಹೊಂದುವ ಗುಣಮಟ್ಟ ಎಂದರೆ ಇಂಥದ್ದು.

ಆಮೇಲಿನ ಕಥೆ ಇಷ್ಟು ಸರಳವಿಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹಾರ್ವರ್ಡಿನ ತಂಡ ಮತ್ತು ಬೆಳಗಾವಿಯ ಕಾಲೇಜು ಸೇರಿ ಕೊಪ್ಪಳ ಜಿಲ್ಲೆಯ ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ 'ಸುರಕ್ಷಿತ ಹೆರಿಗೆ ಪಟ್ಟಿ'ಯನ್ನು ಮೊದಲ ಬಾರಿ ಪರೀಕ್ಷಿಸಿದವು. ವಿಮಾನದ ಪೈಲಟ್ ಹಾರುವ ಮುನ್ನ ಗುರುತು ಹಾಕುವಂತೆ, ನರ್ಸು ಹೆರಿಗೆಯ ಮುನ್ನ, ಹೆರಿಗೆಯ ಹೊತ್ತು, ಮನೆಗೆ ಕಳಿಸುವ ಮುನ್ನ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಕೈ ತೊಳೆದೆಯಾ? ರಕ್ತದೊತ್ತಡ ನೋಡಿದೆಯಾ? ಮಗುವನ್ನು ಎದೆಗೆ ಒತ್ತಿ ಬೆಚ್ಚಗಿಟ್ಟೆಯಾ? ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಹಾಳೆ ಬಂದ ಮೇಲೆ 25. ಹೊಸ ಯಂತ್ರವಿಲ್ಲ, ಹೊಸ ವೈದ್ಯರಿಲ್ಲ, ಒಂದು ಕಾಗದ. ಜಗತ್ತು ಹುಬ್ಬೇರಿಸಿತು.

ಇದೇ ಹಾಳೆಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಿಗೆ ಒಯ್ದು, ನರ್ಸುಗಳ ಪಕ್ಕದಲ್ಲಿ ನಿಂತು ತಿದ್ದುವ ಮಾರ್ಗದರ್ಶಕರನ್ನೂ ಕೊಟ್ಟು, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿದ ಮಹಾಪ್ರಯೋಗದ ಫಲ 2017ರಲ್ಲಿ ಬಂತು. ಕೆಲಸಗಳು ಸುಧಾರಿಸಿದ್ದು ನಿಜ: ಎರಡು ತಿಂಗಳಲ್ಲಿ ಅಗತ್ಯ ಕೆಲಸಗಳ ಪಾಲನೆ ನೂರಕ್ಕೆ 73 ಆಯಿತು, ಹಾಳೆ ಇಲ್ಲದ ಕಡೆ 42. ತಾಯಿ-ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳ ಪ್ರಮಾಣ ಮಾತ್ರ ಒಂದು ಕಡೆ ನೂರಕ್ಕೆ 15.1, ಇನ್ನೊಂದು ಕಡೆ 15.3. ಎರಡೂ ಒಂದೇ ಎಂದು ಅರ್ಥ. ಮಾರ್ಗದರ್ಶಕರು ಹೊರಟುಹೋದ ಮೇಲೆ ಕೆಲಸಗಳೂ ನಿಧಾನವಾಗಿ ಹಿಂದೆ ಸರಿದವು.

ಅದಕ್ಕಿಂತ ಮುಂಚೆ, 2013ರಲ್ಲಿ, ಬೆಳಗಾವಿಯನ್ನೂ ಒಳಗೊಂಡ ಇನ್ನೊಂದು ಬಹುರಾಷ್ಟ್ರೀಯ ಪ್ರಯೋಗ ಊರಿನ ಜಾಗೃತಿ, ದಾದಿಯರ ತರಬೇತಿ, ಆಸ್ಪತ್ರೆಯ ಸುಧಾರಣೆಗಳನ್ನು ಒಟ್ಟಿಗೆ ಮಾಡಿ ನೋಡಿತ್ತು. ಅದರಲ್ಲೂ ನವಜಾತ ಶಿಶುಗಳ ಸಾವಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರಲಿಲ್ಲ. ಸೋತ ಪ್ರಯೋಗವನ್ನೂ ಪ್ರಕಟಿಸಿದ ಪ್ರಾಮಾಣಿಕತೆಗೆ ನಾವು ಋಣಿಗಳು. ಸರ್ಕಾರಿ ಯೋಜನೆಗಳ ವಾರ್ಷಿಕ ವರದಿಗಳಲ್ಲಿ ಸೋತದ್ದು ಯಾವುದೂ ಇರುವುದಿಲ್ಲ.

ಯಾಕೆ ಹೀಗಾಯಿತು? ಈ ಪಂಥದವರಲ್ಲೇ ಎರಡು ಉತ್ತರಗಳಿವೆ. ಒಬ್ಬರ ಪ್ರಕಾರ ಪಾಲನೆ 73ಕ್ಕೆ ನಿಂತರೆ ಸಾಲದು, ತರಬೇತಿ ನಿರಂತರವಾಗಬೇಕು. ಬಳ್ಳಾರಿ, ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಕೇಂದ್ರಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಬರುವ ಅನುಭವಿ ನರ್ಸು ಮಾರ್ಗದರ್ಶಕಿಯರು ಸಿದ್ಧತೆಯನ್ನೂ ಕೌಶಲವನ್ನೂ ಹೆಚ್ಚಿಸಿದ್ದನ್ನು ಅವರು ತೋರಿಸುತ್ತಾರೆ. ಇನ್ನೊಬ್ಬರ ಪ್ರಕಾರ ಸಣ್ಣ ಆಸ್ಪತ್ರೆಯಲ್ಲಿ ಎಲ್ಲ ಸರಿಯಾಗಿ ಮಾಡಿದರೂ ರಕ್ತ, ಶಸ್ತ್ರಚಿಕಿತ್ಸೆ, ಶಿಶು ತಜ್ಞರು ಅಲ್ಲಿಲ್ಲ. ಸಾಯುವವರು ಸಾಯುವುದು ಅಲ್ಲಿಂದ ಮುಂದಿನ ದಾರಿಯಲ್ಲಿ. ನನ್ನ ಒಲವು ಎರಡನೆಯವರ ಕಡೆಗೆ. ಲ್ಯಾನ್ಸೆಟ್ ಆಯೋಗವೂ ಹೆರಿಗೆಗಳನ್ನು ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗಳಿಗೆ ಸಾಗಿಸಬೇಕೆಂದು ವಾದಿಸಿತು. ಆದರೆ ಆ ಸಲಹೆಯನ್ನು ಮಳೆಗಾಲದ ಕಣಕುಂಬಿಯಲ್ಲಿ ನಿಂತು ಓದಿದರೆ ಬೇರೆಯೇ ಕೇಳಿಸುತ್ತದೆ.

ಬೆರಳಚ್ಚು ಮತ್ತು ಬಹುಮಾನ

'ಡಾಕ್ಟರು ಇರೂದಿಲ್ರಿ' ಎಂಬುದು ಊರಿನ ಹಳೆಯ ದೂರು. ಮೂರನೆಯ ಪಂಥ ಇದನ್ನೇ ಹಿಡಿಯುತ್ತದೆ. ಕರ್ನಾಟಕದ 322 ಪ್ರಾಥಮಿಕ ಕೇಂದ್ರಗಳನ್ನು ಆರಿಸಿ, ಅವುಗಳಲ್ಲಿ 140ರಲ್ಲಿ ಬೆರಳಚ್ಚು ಹಾಜರಿ ಯಂತ್ರ ಇಟ್ಟು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ನರ್ಸು, ಪ್ರಯೋಗಾಲಯ ಸಿಬ್ಬಂದಿ, ಔಷಧ ವಿತರಕರ ಹಾಜರಿ ಏರಿತು. ಕಡಿಮೆ ತೂಕದ ಶಿಶುಗಳ ಪ್ರಮಾಣವೂ ಇಳಿಯಿತು. ವೈದ್ಯರ ಹಾಜರಿ ಕದಲಲಿಲ್ಲ. ಗೈರುಹಾಜರಾದವರ ಮೇಲೆ ಕ್ರಮ ಜರುಗಿಸಲು ಸರ್ಕಾರಕ್ಕೇ ಮನಸ್ಸಿರಲಿಲ್ಲ, ಕಾರಣವೂ ಇತ್ತು: ಬಿಗಿ ಮಾಡಿದರೆ ಇರುವ ವೈದ್ಯರೂ ಬಿಟ್ಟುಹೋದಾರು. ಯಂತ್ರ ಹಿಡಿದದ್ದು ಕೈಗೆ ಸಿಗುವವರನ್ನು. ನಮ್ಮ ಆಡಳಿತದ ಬಗ್ಗೆ ಇದಕ್ಕಿಂತ ನಿಖರವಾದ ಟಿಪ್ಪಣಿಯನ್ನು ನಾನು ಓದಿಲ್ಲ.

ಶಿಕ್ಷೆಯ ಬದಲು ಬಹುಮಾನ ಕೊಟ್ಟರೆ? ಗ್ರಾಮೀಣ ಕರ್ನಾಟಕದ ಖಾಸಗಿ ಹೆರಿಗೆ ವೈದ್ಯರ ಮೇಲೆ ನಡೆದ ಪ್ರಯೋಗದಲ್ಲಿ ಕೆಲವರಿಗೆ ಸರಿಯಾದ ವಿಧಾನ ಪಾಲಿಸಿದ್ದಕ್ಕೆ ಹಣ, ಕೆಲವರಿಗೆ ತಾಯಿ-ಮಗು ಆರೋಗ್ಯವಾಗಿದ್ದದ್ದಕ್ಕೆ ಹಣ ಕೊಟ್ಟರು. ಎರಡೂ ಗುಂಪುಗಳಲ್ಲಿ ಹೆರಿಗೆ ನಂತರದ ರಕ್ತಸ್ರಾವ ಕಡಿಮೆಯಾಯಿತು. ಫಲಕ್ಕೆ ಹಣ ಕೊಟ್ಟಾಗ ಹೆಚ್ಚು ಓದಿದ ವೈದ್ಯರು ಹೆಚ್ಚು ಚೆನ್ನಾಗಿ ಮಾಡಿದರು. ಆದರೆ ಬಹುಮಾನದ ಲೆಕ್ಕ ಇಡುವವರು ಯಾರು, ಕಷ್ಟದ ಹೆರಿಗೆಯನ್ನು ಬಹುಮಾನ ತಪ್ಪದಿರಲೆಂದು 'ಮುಂದಕ್ಕೆ' ದಬ್ಬದಂತೆ ತಡೆಯುವುದು ಹೇಗೆ ಎಂಬುದು ಇಡೀ ರಾಜ್ಯಕ್ಕೆ ಹಬ್ಬಿಸಹೊರಟರೆ ಎದ್ದು ನಿಲ್ಲುವ ಪ್ರಶ್ನೆ. 2012ರ ಕಾಯ್ದೆ ಕಡ್ಡಾಯ ಗ್ರಾಮೀಣ ಸೇವೆಯನ್ನೂ ತಂದಿತ್ತು. ಒಂದು ವರ್ಷಕ್ಕೆಂದು ಬಂದವರಿಗೆ ಊರು ಪರಿಚಯವಾಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಕಾರ್ಡಿನ ಬೆನ್ನು ಹತ್ತಿದ ರೋಗಿ

ನಾಲ್ಕನೆಯವರು ಹಣವನ್ನು ಆಸ್ಪತ್ರೆಗೆ ಬದಲು ರೋಗಿಯ ಕೈಗೆ ಕೊಡಿ ಎನ್ನುತ್ತಾರೆ. ಕಾರ್ಡು ಹಿಡಿದವನು ಬೇಕಾದಲ್ಲಿ ಹೋಗುತ್ತಾನೆ, ಆಸ್ಪತ್ರೆಗಳು ಅವನಿಗಾಗಿ ಪೈಪೋಟಿ ಮಾಡುತ್ತವೆ. ಸಹಕಾರಿ ರೈತರ ಯಶಸ್ವಿನಿ ವಿಮಾ ಯೋಜನೆಯಿಂದ ನಮ್ಮಲ್ಲಿ ಈ ದಾರಿ ತೆರೆಯಿತು. 2010ರ ವಾಜಪೇಯಿ ಆರೋಗ್ಯಶ್ರೀ ಬಡವರಿಗೆ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಉಚಿತ ಮಾಡಿತು. ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾದ್ದರಿಂದ ಗಡಿರೇಖೆಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಲು ಸಂಶೋಧಕರಿಗೆ ಅವಕಾಶ ಸಿಕ್ಕಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆ ಅಧ್ಯಯನದ ಪ್ರಕಾರ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರ ಸಾವು ನೂರಕ್ಕೆ 64ರಷ್ಟು ಕಡಿಮೆ ಇತ್ತು. ವಿಮೆಯನ್ನು ಬರೀ ಖಾಸಗಿಯವರಿಗೆ ಹಣ ಸುರಿಯುವ ಕೊಳವೆ ಎಂದು ತಳ್ಳಿಹಾಕುವವರು ಈ ಅಂಕಿಗೆ ಉತ್ತರ ಹೇಳಬೇಕು.

2018ರಲ್ಲಿ ಇವೆಲ್ಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಗಿ ಸೇರಿದವು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದು ಎಂದರೆ ಮಾತ್ರ ಚೀಟಿ ಪಡೆದು ಖಾಸಗಿಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯನ್ನು ಕಾಪಾಡಲು ಮಾಡಿದ ಈ ನಿಯಮದಿಂದ ರೆಫರಲ್ ಚೀಟಿಗೆ ಬೆಲೆ ಬಂದುಬಿಟ್ಟಿತು. ಕೆಲವರು ಆಸ್ಪತ್ರೆಗೆ ಹೋಗುವುದೇ ಚೀಟಿಗಾಗಿ.

ಮಚ್ಛೆಯ ಒಂದು ಓಣಿಯಲ್ಲಿ ಎಷ್ಟು ಬಗೆಯ ಕಾರ್ಡುಗಳಿರಬಹುದು ನೋಡಿ. ಕಾರ್ಖಾನೆಯಲ್ಲಿ ಕಾಯಂ ಆಗಿ 21,000 ರೂಪಾಯಿ ಮಿತಿಯೊಳಗೆ ದುಡಿಯುವವನಿಗೆ ಇಎಸ್‌ಐ. ಪಕ್ಕದ ಮನೆಯವರಿಗೆ ಪಡಿತರ ಚೀಟಿಯ ಮೇಲೆ ಆರೋಗ್ಯ ಕಾರ್ಡು. ಗುತ್ತಿಗೆಯಲ್ಲಿ ಆರು ತಿಂಗಳಿಗೊಮ್ಮೆ ಹೆಸರು ಬದಲಾಗುವ ಹುಡುಗನಿಗೆ ಎರಡೂ ಅರ್ಧಂಬರ್ಧ. ಇದರ ಮೇಲೆ ಗಡಿ ಬೇರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಜ್ಯೋತಿಬಾ ಫುಲೆ ಆರೋಗ್ಯ ವಿಮೆಯನ್ನು ಕರ್ನಾಟಕದೊಳಗಿನ 865 ಊರುಗಳಿಗೆ ವಿಸ್ತರಿಸುವುದಾಗಿ ಹೇಳಿತು, ಖಾನಾಪುರ, ಬೆಳಗಾವಿಯ ಊರುಗಳೂ ಅದರಲ್ಲಿದ್ದವು. ಕರ್ನಾಟಕ ಅದನ್ನು ಒಕ್ಕೂಟ ವ್ಯವಸ್ಥೆಯ ಮೇಲಿನ ದಾಳಿ ಎಂದಿತು. ರಾಜಕೀಯವಾಗಿ ಕರ್ನಾಟಕದ ಆಕ್ಷೇಪ ಸರಿಯೇ. ಆದರೆ ಗಡಿಯವರು ಗೋವಾ, ಕೊಲ್ಹಾಪುರ, ಮೀರಜ್ ಕಡೆ ಹೋಗುವುದು ರಾಜ್ಯ ನೋಡಿ ಅಲ್ಲ. ಹತ್ತಿರ ಯಾವುದು, ಕೈಗುಣ ಯಾರದು ಎಂದು ನೋಡಿ. ಗೋವಾ ಕೂಡ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಿದ ಮೇಲೆ ಚೋರ್ಲಾ ಘಾಟಿ ಇಳಿಯುವ ಮುನ್ನ ಲೆಕ್ಕ ಹಾಕಬೇಕಾಗಿದೆ.

ಇದೇ ಪಂಥದ ಇನ್ನೊಂದು ಶಾಖೆ ಆಸ್ಪತ್ರೆಯನ್ನೇ ಸೇವಾಸಂಸ್ಥೆಗೆ ಒಪ್ಪಿಸುವುದು. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ವಹಿಸಿಕೊಂಡು ನಡೆಸಿ ತೋರಿಸಿತು. ಅಲ್ಲಿ ಗೆದ್ದದ್ದು ಮಾದರಿಯೋ ಅದನ್ನು ನಡೆಸಿದ ಜನರೋ ಎಂಬ ವಾದ ಇನ್ನೂ ಮುಗಿದಿಲ್ಲ.

ಬೆಳಗಾವಿ ಚಲೋ

ರೋಗಿಗೆ ಹಣದ ಜೊತೆ ಹಕ್ಕೂ ಬೇಕು ಎನ್ನುವವರು ಐದನೆಯವರು. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. ಕರ್ನಾಟಕ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಮಾಡಿತು. ಅದಕ್ಕೆ ಹಲ್ಲು ಕೊಡಲು 2017ರಲ್ಲಿ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತಂದರು: ದರ ನಿಯಂತ್ರಣ, ರೋಗಿಗಳ ಸನ್ನದು, ಜಿಲ್ಲೆಗೊಂದು ದೂರು ಸಮಿತಿ. ಆ ನವೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ರಾಜ್ಯದ ಖಾಸಗಿ ವೈದ್ಯರು ಬೆಳಗಾವಿಗೆ ಬಂದು ಕೂತರು. ಆಸ್ಪತ್ರೆಗಳು ಬಾಗಿಲು ಹಾಕಿದವು. ಮಸೂದೆ ಇದೇ ಊರಿನಲ್ಲಿ ಅಂಗೀಕಾರವಾಯಿತು, ಹಲ್ಲುಗಳಲ್ಲಿ ಹಲವು ಉದುರಿದ ಮೇಲೆ.

ವೈದ್ಯರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಸರ್ಕಾರಿ ಆಸ್ಪತ್ರೆಗಳನ್ನು ಕಾಯ್ದೆಯಿಂದ ಹೊರಗಿಟ್ಟು ಖಾಸಗಿಯವರಿಗೆ ಮಾತ್ರ ಶಿಸ್ತು ಯಾಕೆ ಎಂದು ಅವರು ಕೇಳಿದರು. ಒಂದೇ ಅಳತೆಗೋಲು ಇಬ್ಬರಿಗೂ ಇರಲಿ ಎಂಬ ಮಾತು ಆ ಗಲಾಟೆಯಲ್ಲಿ ಕಳೆದುಹೋಯಿತು.

ಸಾವಿನಿಂದ ಕಲಿಯುವುದು

2024ರ ನವೆಂಬರ್-ಡಿಸೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು, ಒಟ್ಟು ಐವರು. ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ನಮ್ಮ ಕಡೆ ಜನ 'ಸಲಾಯಿನ್ ಹಚ್ಚಿದ್ರು' ಎನ್ನುವ ಬಾಟಲಿ. ರಾಜ್ಯದ ಪ್ರಯೋಗಾಲಯ ಕಳಪೆ ಎಂದ ಕೆಲವು ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯಿವೆ ಎಂದಿತ್ತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಮಾನದಂಡದ ಪಂಥಕ್ಕೆ ಇದಕ್ಕಿಂತ ಕಹಿ ಪ್ರಶ್ನೆ ಇಲ್ಲ. ಅಳೆಯುವ ಎರಡು ತಕ್ಕಡಿಗಳೇ ಜಗಳವಾಡಿದರೆ ಬಾಟಲಿ ಚುಚ್ಚುವ ನರ್ಸು ಯಾರನ್ನು ನಂಬಬೇಕು? ತಮಿಳುನಾಡು 1995ರಿಂದ ತನ್ನ ಔಷಧ ಖರೀದಿ ನಿಗಮವನ್ನು ನಡೆಸಿಕೊಂಡು ಬಂದ ರೀತಿಯನ್ನು ನಮ್ಮವರು ಹೊಗಳಿದ್ದೇ ಹೆಚ್ಚು, ಕಲಿತದ್ದು ಕಡಿಮೆ.

ಆದರೆ ಆ ದುರಂತದಿಂದ ಒಂದು ಒಳ್ಳೆಯದಾಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಸರ್ಕಾರ ತಜ್ಞರಿಂದ ಪರಿಶೀಲಿಸಿತು. ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಸಮಿತಿ ಹೇಳಿತು. ಬ್ರಿಟನ್ 1952ರಿಂದಲೂ ಪ್ರತಿ ತಾಯಿಯ ಸಾವನ್ನು ಗುಟ್ಟಾಗಿ, ಹೆಸರಿಲ್ಲದೆ ವಿಚಾರಿಸುತ್ತ ಬಂದಿದೆ. ಕೇರಳದ ಪ್ರಸೂತಿ ವೈದ್ಯರು 2004ರಿಂದ ಅದನ್ನೇ ಹಿಡಿದರು. ಈ ಆರನೆಯ ಪಂಥದ ಮುಖ್ಯ ನಿಯಮ: ಯಾರ ತಪ್ಪು ಎಂದು ಕೇಳಬೇಡಿ, ಎಲ್ಲಿ ತಪ್ಪಿತು ಎಂದು ಕೇಳಿ. ನಮ್ಮಲ್ಲಿ ಸಾವಾದ ಮರುದಿನ ಆಸ್ಪತ್ರೆಯ ಮುಂದೆ ಜನ, ಮೂರನೆಯ ದಿನ ಅಮಾನತು. ಹಾಗಿರುವಾಗ ಯಾರು ತಾನೆ ನಿಜ ಬರೆಯುತ್ತಾರೆ? ಇನ್ನೊಂದು ಕಡೆಯಿಂದ ನೋಡಿದರೆ, ಮಗಳನ್ನು ಕಳೆದುಕೊಂಡ ತಾಯಿಗೆ 'ಯಾರನ್ನೂ ದೂರಬೇಡಿ' ಎಂದು ಹೇಳುವ ಮುಖ ಯಾರಿಗಿದೆ?

ಇನ್ನೂ ಇತ್ಯರ್ಥವಾಗದ್ದು

ಹೆರಿಗೆಯನ್ನು ಎಲ್ಲಿ ಮಾಡಿಸಬೇಕು ಎಂಬುದು ಇತ್ಯರ್ಥವಾಗಿಲ್ಲ. ಸಣ್ಣ ಕೇಂದ್ರಗಳನ್ನು ಬಲಪಡಿಸುವುದೋ, ಎಲ್ಲರನ್ನೂ ದೊಡ್ಡ ಆಸ್ಪತ್ರೆಗೆ ತರುವುದೋ? ದಿನ ತುಂಬಿದವರು ಮುಂಚಿತವಾಗಿ ಬಂದು ಖಾನಾಪುರದಲ್ಲೇ ತಂಗುವ ಮನೆಗಳು ಒಂದು ನಡುದಾರಿ. ಆದರೆ ಮನೆಯಲ್ಲಿ ದನ, ಎರಡನೆಯ ಮಗು, ಗದ್ದೆ ನಾಟಿ ಬಿಟ್ಟು ಯಾರು ಬಂದು ಕೂತಾರು? ಭೀಮಗಡದೊಳಗಿನ ಕುಟುಂಬಗಳಿಗೆ 15 ಲಕ್ಷ ಪರಿಹಾರ ಕೊಟ್ಟು ಹೊರತರುವ ಅರಣ್ಯ ಇಲಾಖೆಯ ಯೋಜನೆಗೂ ಆಸ್ಪತ್ರೆ ದೂರ ಎಂಬ ಕಾರಣ ಸೇರಿಕೊಂಡಿದೆ. ಸೇವೆಯನ್ನು ಜನರ ಹತ್ತಿರ ಒಯ್ಯಬೇಕೋ ಜನರನ್ನೇ ಸೇವೆಯ ಹತ್ತಿರ ತರಬೇಕೋ ಎಂಬುದನ್ನು ವೈದ್ಯಶಾಸ್ತ್ರ ತೀರ್ಮಾನಿಸಲಾರದು.

ಕೆಲಸ ಸುಧಾರಿಸಿದರೂ ಸಾವು ಯಾಕೆ ಇಳಿಯಲಿಲ್ಲ ಎಂಬ ಗಂಗಾವತಿಯ ಹಾಳೆಯ ಒಗಟು ಹಾಗೆಯೇ ಇದೆ. ಗುತ್ತಿಗೆ ನರ್ಸು, ಗೌರವಧನದ ಆಶಾ ಕಾರ್ಯಕರ್ತೆಯರ ಮೇಲೆ ನಿಂತ ವ್ಯವಸ್ಥೆ ಎಷ್ಟು ಗುಣಮಟ್ಟ ಹೊರಬಲ್ಲದು ಎಂಬುದನ್ನು ಯಾರೂ ಸರಿಯಾಗಿ ಅಳೆದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಆಶಾಗಳು ಕೂತದ್ದು ತಿಂಗಳಿಗೆ 15,000 ರೂಪಾಯಿಗಾಗಿ.

ಭಾಷೆಯ ಪ್ರಶ್ನೆಯನ್ನಂತೂ ಯಾವ ಪಂಥವೂ ಎತ್ತಿಲ್ಲ. ಕಣಕುಂಬಿ ಕಡೆಯ ಹೆಣ್ಣುಮಗಳು ನೋವನ್ನು ಮರಾಠಿಯಲ್ಲೋ ಕೊಂಕಣಿಯಲ್ಲೋ ಹೇಳುತ್ತಾಳೆ, ಸಿಸ್ಟರ್ ಅದನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಾಳೆ, ಚೀಟಿ ಇಂಗ್ಲಿಷಿನಲ್ಲಿ ಬರೆಯಲಾಗುತ್ತದೆ. ಆ ಚೀಟಿ ಹಿಡಿದು ಮಚ್ಛೆ ದಾಟಿ ಬೆಳಗಾವಿ ಸೇರಿದ ಮೇಲೆ ಅಲ್ಲಿಂದ ಖಾನಾಪುರಕ್ಕೆ ಮರಳಿ ಬರಬೇಕಾದ ಇನ್ನೊಂದು ಚೀಟಿ ಇದೆ: ಏನಾಗಿತ್ತು, ಏನು ಮಾಡಿದೆವು, ಮುಂದೆ ಏನು ನೋಡಿಕೊಳ್ಳಬೇಕು ಎಂದು ಹೇಳುವಂಥದ್ದು. ಅದು ಬರುವುದು ಅಪರೂಪ. ಕಳಿಸಿದ ಸಿಸ್ಟರ್‌ಗೆ ಆಕೆ ಗುಣವಾದಳೋ ಇಲ್ಲವೋ ತಿಳಿಯಬೇಕಾದರೆ ಆ ಊರಿನ ಆಶಾಗೆ ಫೋನ್ ಮಾಡಿ ಕೇಳಬೇಕು, ಅದೂ ಆ ಹೊತ್ತಿಗೆ ಕಾಡಿನಲ್ಲಿ ನೆಟ್‌ವರ್ಕ್ ಇದ್ದರೆ.